ತಳಿವಿಜ್ಞಾನದ ಪದವಿ: ಮುಂದಿನ ದಾರಿಗಳು

ಉಣ್ಣುವ ಕಾಳು ಬೇರೆ, ಬಿತ್ತುವ ಕಾಳು ಬೇರೆ ಎಂಬ ವಿವೇಕ ನಮ್ಮ ಒಕ್ಕಲು ಮನೆತನಗಳಿಗೆ ಹೊಸದಲ್ಲ. ಕಣದಲ್ಲಿ ರಾಶಿ ಬೀಳುವ ಮುನ್ನವೇ ತುಂಬಿದ ತೆನೆಗಳನ್ನು ಆರಿಸಿ, ಬೂದಿ ಹಾಗೂ ಬೇವಿನೆಲೆಗಳೊಡನೆ ಬೀಜವನ್ನು ಜೋಪಾನವಾಗಿ ತೆಗೆದಿಡುತ್ತಿದ್ದ ಹಿಂದಿನ ತಲೆಮಾರಿನ ತಾಯಂದಿರು, ಹೆಸರು ತಿಳಿಯದೆಯೇ ತಳಿವಿಜ್ಞಾನವನ್ನು ಆಚರಿಸಿದವರು. ಇಂದು ಅವರ ಮೊಮ್ಮಕ್ಕಳು ಅದೇ ವಿಜ್ಞಾನವನ್ನು ಕಾಲೇಜುಗಳಲ್ಲಿ ಕ್ರಮವಾಗಿ ಓದಿ ಪದವೀಧರರಾಗಿ ಬರುತ್ತಿದ್ದಾರೆ. ಇದು ಸಂತೋಷದ ಸಂಗತಿಯೇ ಸರಿ. ಆದರೆ ಪದವಿ ಕೈಗೆ ಬಂದ ದಿನವೇ ಮನೆಯ ಪಡಸಾಲೆಯಲ್ಲಿ ಒಂದು ಪ್ರಶ್ನೆ ಏಳುತ್ತದೆ: ಮುಂದೇನು?

ಈ ಪ್ರಶ್ನೆಯನ್ನು ಹೊತ್ತುಕೊಂಡು ತುರ್ವಿಹಾಳದ ಕಡೆಯ ರೈತರೊಬ್ಬರು ಮಗಳೊಡನೆ ನನ್ನಲ್ಲಿಗೆ ಬಂದಿದ್ದರು. ಕಾಲುವೆ ನೀರಿನಲ್ಲಿ ಭತ್ತ ಬೆಳೆಯುವ ಮಧ್ಯಮ ಹಿಡುವಳಿಯ ಮನೆತನ. ಮಗಳು ದೂರದ ಊರೊಂದರ ಕಾಲೇಜಿನಲ್ಲಿ ತಳಿವಿಜ್ಞಾನವನ್ನು ಐಚ್ಛಿಕ ವಿಷಯವಾಗಿ ಓದಿ ಬಿ.ಎಸ್‌ಸಿ. ಪದವಿಯನ್ನು ಉತ್ತಮ ಅಂಕಗಳೊಂದಿಗೆ ಮುಗಿಸಿದ್ದಳು.

“ಶಾಸ್ತ್ರಿಗಳೇ, ನೆಲ್ಲಿನ ಹೊಸ ತಳಿ ತಯಾರ ಮಾಡೂ ವಿದ್ಯಾ ಅಂತ ಹೇಳಿದ್ರು, ಓದಿಸಿದ್ವಿ. ಈಗ ನೋಡಿದ್ರ ಕೃಷಿ ವಿಶ್ವವಿದ್ಯಾಲಯದಾಗ ಅರ್ಜಿನೂ ಹಾಕಾಕ ಬರಂಗಿಲ್ಲ ಅಂತಾರ್ರಿ. ಮೂರು ವರ್ಷ ನೀರಾಗ ಹೋತು” ಎಂದು ತಂದೆ ನೊಂದು ನುಡಿದರು. ಮಗಳು ಕಂಬದ ಮಗ್ಗುಲಲ್ಲಿ ತಲೆ ತಗ್ಗಿಸಿ ಕುಳಿತಿದ್ದಳು. ಬಹಳ ಹೊತ್ತಿನ ಮೇಲೆ, “ಅಜ್ಜಾರ, ಸೇರೂ ಮೊದಲು ಈ ಮಾತು ನಮಗ ಯಾರೂ ಹೇಳಿರಲಿಲ್ರಿ” ಎಂದಷ್ಟೇ ಹೇಳಿದಳು.

ಆ ಮಾತು ನನ್ನನ್ನು ಕಲಕಿತು. ಮಠದಲ್ಲಿದ್ದು ವ್ಯಾಕರಣ, ಕಾವ್ಯ, ಶಾಸ್ತ್ರಗಳನ್ನು ಓದಿದ ನನಗೆ ಈ ವಿಷಯದಲ್ಲಿ ತಕ್ಷಣ ಉತ್ತರ ಕೊಡುವ ಸಾಮರ್ಥ್ಯವಿರಲಿಲ್ಲ. ಬಲ್ಲ ಪ್ರಾಧ್ಯಾಪಕರನ್ನು ಕೇಳಿ, ಪ್ರವೇಶದ ನಿಯಮ ಪುಸ್ತಕಗಳನ್ನು ಓದಿ ತಿಳಿದುಕೊಂಡದ್ದನ್ನು ಇಲ್ಲಿ ನಿವೇದಿಸುತ್ತಿದ್ದೇನೆ. ಆ ಹುಡುಗಿಗೆ ಹೇಳಬೇಕಾದ ಮಾತು ಇನ್ನೂ ಅನೇಕ ಮನೆಗಳಿಗೆ ಬೇಕಾದೀತು.

ಮಠದ ತೋಟದಲ್ಲಿ ಮೊಳೆತ ಶಾಸ್ತ್ರ

ತಾಯಿ ತಂದೆಗಳ ಗುಣಲಕ್ಷಣಗಳು ಸಂತಾನಕ್ಕೆ ಹೇಗೆ ಸಾಗುತ್ತವೆ ಎಂಬುದರ ವಿವೇಚನೆಯೇ ತಳಿವಿಜ್ಞಾನ. ಇದರ ಮೂಲಪುರುಷರಾದ ಗ್ರೆಗರ್ ಮೆಂಡೆಲ್ ಒಬ್ಬ ಕ್ರೈಸ್ತ ಸನ್ಯಾಸಿ. ಇಂದಿನ ಚೆಕ್ ದೇಶದಲ್ಲಿರುವ ಬ್ರನೋ ನಗರದ ಮಠದ ತೋಟದಲ್ಲಿ 1856ರಿಂದ 1863ರವರೆಗೆ ಬಟಾಣಿಯ ಸಾವಿರಾರು ಗಿಡಗಳನ್ನು ಬೆಳೆಸಿ, ಬಣ್ಣ, ಎತ್ತರ, ಕಾಳಿನ ಆಕಾರಗಳನ್ನು ಒಂದೊಂದಾಗಿ ಎಣಿಸಿದರು. ಆ ಎಣಿಕೆಯಿಂದ ಹೊರಟ ನಿಯಮಗಳನ್ನು 1866ರಲ್ಲಿ ಪ್ರಕಟಿಸಿದರು. ಜಗತ್ತು ಅತ್ತ ಗಮನ ಕೊಡಲಿಲ್ಲ. ಅವರು 1884ರಲ್ಲಿ ಕಾಲವಾದರು. 1900ರಲ್ಲಿ ಬೇರೆ ಬೇರೆ ದೇಶಗಳ ಮೂವರು ವಿಜ್ಞಾನಿಗಳು ಅದೇ ನಿಯಮಗಳನ್ನು ಮತ್ತೆ ಕಂಡುಕೊಂಡಾಗ ಮೆಂಡೆಲರ ಹೆಸರು ಬೆಳಕಿಗೆ ಬಂದಿತು. ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ ಅವರು ತೇರ್ಗಡೆಯಾಗಿರಲಿಲ್ಲ ಎಂಬುದನ್ನು ಒಂದು ಪರೀಕ್ಷೆಯಲ್ಲಿ ಸೋತು ಕುಗ್ಗುವ ನಮ್ಮ ಮಕ್ಕಳು ನೆನಪಿಡಬೇಕು.

1953ರಲ್ಲಿ ಡಿ.ಎನ್.ಎ. ಅಣುವಿನ ರಚನೆ ತಿಳಿಯಿತು. 2003ರಲ್ಲಿ ಮಾನವನ ಸಮಗ್ರ ವಂಶವಾಹಿ ನಕ್ಷೆಯ ಯೋಜನೆ ಮುಕ್ತಾಯವಾಯಿತು. ಹೀಗೆ ತೋಟದಲ್ಲಿ ಹುಟ್ಟಿದ ಶಾಸ್ತ್ರವು ಇಂದು ಹೊಲ, ಆಸ್ಪತ್ರೆ, ನ್ಯಾಯಾಲಯ, ಗಣಕಯಂತ್ರಗಳವರೆಗೆ ಹಬ್ಬಿದೆ.

ನಮ್ಮ ಹೊಲಕ್ಕೆ ಬಂದ ಫಲ

ನಮ್ಮ ಭಾಗದ ಹತ್ತಿಯನ್ನೇ ನೋಡೋಣ. ಧಾರವಾಡದಲ್ಲಿ ಡಾ. ಬಿ. ಎಚ್. ಕಾತರಕಿ ಅವರು ಎರಡು ಬೇರೆ ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ‘ವರಲಕ್ಷ್ಮಿ’ ಎಂಬ ಸಂಕರ ತಳಿಯನ್ನು 1972ರಲ್ಲಿ ರೈತರ ಕೈಗಿತ್ತರು. ಉದ್ದ ಎಳೆಯ ಹತ್ತಿಗೆ ಅದು ಹೆಸರಾಯಿತು. ಇಂತಹ ಸಂಕರ ಬೀಜ ಸಿದ್ಧವಾಗಬೇಕಾದರೆ ಒಂದು ಹೂವಿನ ಕೇಸರಗಳನ್ನು ಕೈಯಿಂದ ಬಿಡಿಸಿ, ಮತ್ತೊಂದು ತಳಿಯ ಪರಾಗವನ್ನು ಅದರ ಶಲಾಕೆಗೆ ಸೋಕಿಸಬೇಕು. ಶಾಸ್ತ್ರಜ್ಞಾನದೊಡನೆ ಕೈಯ ಕುಶಲತೆಯೂ ಇಲ್ಲಿ ಬೇಕು.

ಇನ್ನೊಂದು ದೃಷ್ಟಾಂತ ಭತ್ತದ್ದು. ನಮ್ಮ ಕಾಲುವೆ ಸೀಮೆಯ ರೈತರ ಬಾಯಲ್ಲಿ ‘ಬಿಪಿಟಿ’ ಎಂದೇ ಚಿರಪರಿಚಿತವಾದ ಬಿಪಿಟಿ-5204, ಅರ್ಥಾತ್ ಸಾಂಬಾ ಮಸೂರಿ, ಆಂಧ್ರದ ಬಾಪಟ್ಲದಿಂದ 1986ರಲ್ಲಿ ಬಿಡುಗಡೆಯಾದ ತಳಿ. ಅನ್ನ ರುಚಿ, ಕಾಳು ಸಣ್ಣ, ಮಾರುಕಟ್ಟೆಯಲ್ಲಿ ಬೆಲೆ. ಆದರೆ ದುಂಡಾಣು ಎಲೆ ಅಂಗಮಾರಿ ರೋಗಕ್ಕೆ ಬಲುಬೇಗ ತುತ್ತಾಗುತ್ತದೆ. ಈ ದೋಷವನ್ನು ಕಳೆಯಲು ಹೈದರಾಬಾದಿನ ಎರಡು ಸಂಸ್ಥೆಗಳು ಕೈಜೋಡಿಸಿದವು. ಒಂದು, ಇಂದು ಭಾರತೀಯ ಭತ್ತ ಸಂಶೋಧನಾ ಸಂಸ್ಥೆ ಎನಿಸಿರುವ ಅಂದಿನ ಭತ್ತ ಸಂಶೋಧನಾ ನಿರ್ದೇಶನಾಲಯ. ಮತ್ತೊಂದು, ಸಿಸಿಎಂಬಿ ಎಂದು ಕರೆಯಲ್ಪಡುವ ಕೋಶೀಯ ಹಾಗೂ ಅಣುಜೀವವಿಜ್ಞಾನ ಕೇಂದ್ರ. ರೋಗವನ್ನು ತಡೆಯುವ ಮೂರು ವಂಶವಾಹಿಗಳನ್ನು ಸಾಂಬಾ ಮಸೂರಿಗೆ ಸೇರಿಸಿ, ಪ್ರತಿ ಪೀಳಿಗೆಯ ಸಸಿಗಳ ಡಿ.ಎನ್.ಎ. ಪರೀಕ್ಷಿಸಿ, ಬೇಕಾದವನ್ನು ಮಾತ್ರ ಉಳಿಸಿಕೊಳ್ಳುತ್ತ ಸಾಗಿದರು. ಆ ಮೂರರಲ್ಲೊಂದರ ಮೂಲ ಆಫ್ರಿಕದ ಕಾಡು ಭತ್ತ. ಈ ಸುಧಾರಿತ ಸಾಂಬಾ ಮಸೂರಿ 2008ರಲ್ಲಿ ಹೊರಬಂದಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಗದ್ದೆಯಲ್ಲಿ ಸಂಕರ ಮಾಡಿ, ಇಳುವರಿ ಅಳೆದು, ತಳಿಯನ್ನು ನೆಲೆಗೊಳಿಸಿದವರು ಕೃಷಿ ಪದವಿಯ ದಾರಿಯಿಂದ ಬಂದ ತಜ್ಞರು. ರೋಗಾಣುವಿನ ಸ್ವಭಾವವನ್ನೂ ವಂಶವಾಹಿಯ ಗುರುತನ್ನೂ ಪ್ರಯೋಗಶಾಲೆಯಲ್ಲಿ ಹಿಡಿದವರು ಮೂಲವಿಜ್ಞಾನದ ದಾರಿಯಿಂದ ಬಂದವರು. ಗದ್ದೆ ಒಂದೇ, ಅದಕ್ಕೆ ದಾರಿಗಳು ಎರಡು. ತುರ್ವಿಹಾಳದ ಆ ತಂದೆಗೆ ನಾನು ಮೊದಲು ಹೇಳಿದ ಮಾತು ಇದೇ.

ಬಾಗಿಲುಗಳ ಭೇದ

ತಳಿವಿಜ್ಞಾನವನ್ನು ನಮ್ಮ ರಾಜ್ಯದಲ್ಲಿ ಮುಖ್ಯವಾಗಿ ಎರಡು ಬಗೆಯಲ್ಲಿ ಓದಲಾಗುತ್ತದೆ. ಮೊದಲನೆಯದು ನಾಲ್ಕು ವರ್ಷಗಳ ಕೃಷಿ ಪದವಿ. ಇದನ್ನು ಮುಗಿಸಿದವರು ರಾಯಚೂರು, ಧಾರವಾಡ, ಬೆಂಗಳೂರುಗಳ ಕೃಷಿ ವಿಶ್ವವಿದ್ಯಾಲಯಗಳಲ್ಲಿ ‘ತಳಿವಿಜ್ಞಾನ ಮತ್ತು ಸಸ್ಯ ತಳಿ ಅಭಿವೃದ್ಧಿ’ ಎಂಬ ವಿಷಯದಲ್ಲಿ ಎಂ.ಎಸ್‌ಸಿ. (ಕೃಷಿ) ಮಾಡಬಹುದು. ಎರಡನೆಯದು ಸಾಮಾನ್ಯ ವಿಶ್ವವಿದ್ಯಾಲಯಗಳ ಬಿ.ಎಸ್‌ಸಿ. ಇಲ್ಲಿ ತಳಿವಿಜ್ಞಾನವು ಜೀವರಸಾಯನಶಾಸ್ತ್ರ, ಜೈವಿಕ ತಂತ್ರಜ್ಞಾನ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಮುಂತಾದವುಗಳ ಜೊತೆಗೆ ಒಂದು ವಿಷಯವಾಗಿರುತ್ತದೆ.

ಹೆಸರು ಒಂದೇ ಆದರೂ ಮುಂದಿನ ಬಾಗಿಲುಗಳು ಬೇರೆ. ಸಾಮಾನ್ಯ ಬಿ.ಎಸ್‌ಸಿ. ಮಾಡಿದವರಿಗೆ ಮೇಲೆ ಹೇಳಿದ ಕೃಷಿ ಸ್ನಾತಕೋತ್ತರ ಪದವಿಗೆ ಪ್ರವೇಶವಿಲ್ಲ, ಏಕೆಂದರೆ ಅಲ್ಲಿ ಕೃಷಿ ಪದವಿಯೇ ಅರ್ಹತೆ. ನಮ್ಮ ಹುಡುಗಿ ಎಡವಿದ್ದು ಈ ಹೊಸ್ತಿಲಿನಲ್ಲಿ. ಆದುದರಿಂದ ಪಿಯುಸಿ ಮುಗಿಸುವ ಮಕ್ಕಳಿರುವ ಮನೆಯವರಿಗೆ ನನ್ನ ಕಳಕಳಿಯ ಸೂಚನೆ ಇದು. ಹೊಲದ ತಳಿ ಸಂಶೋಧನೆಯೇ ಮಗುವಿನ ಗುರಿಯಾದರೆ ಪಿಯುಸಿಯ ನಂತರವೇ ಕೃಷಿ ಪದವಿಯತ್ತ ಹೊರಳಬೇಕು. ಪದವಿಯ ನಂತರ ಹೊರಳುವುದು ಕಷ್ಟ.

ಹಾಗೆಂದು ಬಿ.ಎಸ್‌ಸಿ. ಓದಿದವರ ಶ್ರಮ ವ್ಯರ್ಥವಾಯಿತೆಂದು ಭಾವಿಸಬಾರದು. ಮೈಸೂರು ವಿಶ್ವವಿದ್ಯಾಲಯದಲ್ಲಿ ತಳಿವಿಜ್ಞಾನದ ಸ್ನಾತಕೋತ್ತರ ಅಧ್ಯಯನ ವಿಭಾಗವಿದೆ. ನಮಗೆ ಬೆಂಗಳೂರಿಗಿಂತ ಹತ್ತಿರವಾದ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ತಳಿವಿಜ್ಞಾನ ವಿಭಾಗವೂ ಹೆಸರಾದುದು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಹಾಗೂ ಗುಲಬರ್ಗಾ ವಿಶ್ವವಿದ್ಯಾಲಯಗಳಲ್ಲಿ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ಜೈವಿಕ ತಂತ್ರಜ್ಞಾನಗಳಲ್ಲಿ ಮುಂದುವರಿಯಬಹುದು. ಗಣಿತದಲ್ಲಿಯೂ ಗಣಕಯಂತ್ರದಲ್ಲಿಯೂ ಆಸಕ್ತಿಯುಳ್ಳವರಿಗೆ ಬೆಂಗಳೂರಿನ ಐಬಿಎಬಿಯಂತಹ ಸಂಸ್ಥೆಗಳಲ್ಲಿ ಜೈವಿಕ ಮಾಹಿತಿ ವಿಜ್ಞಾನದ ಶಿಕ್ಷಣವಿದೆ. ಹೀಗೆ ಸ್ನಾತಕೋತ್ತರ ಪದವಿ ಪಡೆದು, ಸಂಶೋಧನಾ ವೇತನ ಗಳಿಸಿ, ಸಿಸಿಎಂಬಿಯಂತಹ ಸಂಸ್ಥೆಗಳಲ್ಲಿ ಬೆಳೆಗಳ ವಂಶವಾಹಿಗಳ ಮೇಲೆಯೇ ಪಿಎಚ್.ಡಿ. ಮಾಡಲು ಅವಕಾಶವುಂಟು. ಮುಂಬಾಗಿಲು ಮುಚ್ಚಿದ್ದರೂ ಅದೇ ಮನೆಗೆ ಮಗ್ಗುಲ ಬಾಗಿಲಿದೆ.

ಪ್ರವೇಶ ಪರೀಕ್ಷೆಗಳು

ರಾಜ್ಯದ ವಿಶ್ವವಿದ್ಯಾಲಯಗಳು ತಮ್ಮ ಪ್ರಕಟಣೆಯ ಪ್ರಕಾರ ಪ್ರವೇಶ ನೀಡುತ್ತವೆ. ಆದರೆ ಹೆಸರಾಂತ ರಾಷ್ಟ್ರೀಯ ಸಂಸ್ಥೆಗಳನ್ನು ಸೇರಲು ಬೇರೆ ಪರೀಕ್ಷೆಗಳಿವೆ. ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಸಿಯುಇಟಿ ಸ್ನಾತಕೋತ್ತರ ಪರೀಕ್ಷೆ. ಕಲಬುರಗಿ ಜಿಲ್ಲೆಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವೂ ಇದರಲ್ಲಿ ಸೇರಿದೆ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯ ನೆರವು ಪಡೆದ ಸ್ನಾತಕೋತ್ತರ ತರಗತಿಗಳಿಗೆ ಗ್ಯಾಟ್-ಬಿ ಪರೀಕ್ಷೆ. ಐಐಟಿಗಳ ಎಂ.ಎಸ್‌ಸಿ.ಗೆ ‘ಜಾಮ್’ ಪರೀಕ್ಷೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಯುಕ್ತ ಪಿಎಚ್.ಡಿ.ಗೂ ಈ ಪರೀಕ್ಷೆ ಒಂದು ದಾರಿ. ಇವುಗಳ ಅರ್ಜಿಗಳು ಬಹುಮಟ್ಟಿಗೆ ಪದವಿಯ ಕೊನೆಯ ವರ್ಷದಲ್ಲಿಯೇ ಹೊರಬೀಳುತ್ತವೆ. ಫಲಿತಾಂಶ ಬಂದ ಮೇಲೆ ವಿಚಾರಿಸುವವರು ಒಂದು ವರ್ಷವನ್ನು ಕಳೆದುಕೊಳ್ಳುತ್ತಾರೆ.

ನಮ್ಮ ಭಾಗದವರು ಅಗತ್ಯವಾಗಿ ತಿಳಿಯಬೇಕಾದ ಸೌಲಭ್ಯವೊಂದಿದೆ. ಸಂವಿಧಾನದ 98ನೆಯ ತಿದ್ದುಪಡಿಯಿಂದ 2013ರಲ್ಲಿ ಸೇರಿದ 371(ಜೆ) ವಿಧಿಯ ಮೇರೆಗೆ ಕಲ್ಯಾಣ ಕರ್ನಾಟಕದ ಸ್ಥಳೀಯ ವಿದ್ಯಾರ್ಥಿಗಳಿಗೆ ಈ ಭಾಗದ ರಾಜ್ಯ ಸಂಸ್ಥೆಗಳಲ್ಲಿ ಶೇಕಡಾ 70, ರಾಜ್ಯದ ಉಳಿದ ಕಡೆ ಶೇಕಡಾ 8 ಸ್ಥಾನಗಳ ಮೀಸಲಾತಿಯುಂಟು. ಮೈಸೂರಿಗೆ ಹೋಗುವ ಸಿಂಧನೂರು ತಾಲೂಕಿನ ಮಗುವಿಗೂ ಆ ಶೇಕಡಾ 8 ಅನ್ವಯಿಸುತ್ತದೆ. ಇದಕ್ಕೆ ಬೇಕಾದ ಅರ್ಹತಾ ಪತ್ರವನ್ನು ಉಪವಿಭಾಗದ ಸಹಾಯಕ ಆಯುಕ್ತರು ಕೊಡುತ್ತಾರೆ. ನಮ್ಮವರಿಗೆ ಆ ಕಚೇರಿ ಲಿಂಗಸುಗೂರಿನಲ್ಲಿದೆ. ಅರ್ಜಿಯ ಕೊನೆಯ ದಿನ ಓಡಾಡುವುದಕ್ಕಿಂತ ಮೊದಲೇ ಪತ್ರ ಮಾಡಿಸಿಟ್ಟುಕೊಳ್ಳುವುದು ಜಾಣತನ.

ಮನೆಮನೆಗೆ ಸಂಬಂಧಿಸಿದ ಕ್ಷೇತ್ರ

ತಳಿವಿಜ್ಞಾನದ ಇನ್ನೊಂದು ಶಾಖೆ ವೈದ್ಯಕೀಯಕ್ಕೆ ಸಂಬಂಧಿಸಿದ್ದು. ಇದು ನಮ್ಮ ಕುಟುಂಬಗಳಿಗೆ ನೇರವಾಗಿ ತಟ್ಟುವ ವಿಷಯವಾದುದರಿಂದ ಸ್ವಲ್ಪ ವಿಸ್ತರಿಸಿ ಹೇಳಬೇಕಾಗಿದೆ.

ಸೋದರಮಾವ, ಅಕ್ಕನ ಮಗಳು, ಅತ್ತೆಯ ಮಗ ಎಂದು ರಕ್ತಸಂಬಂಧದಲ್ಲಿಯೇ ಲಗ್ನ ಮಾಡುವ ರೂಢಿ ನಮ್ಮಲ್ಲಿ ಬಹಳ ಹಿಂದಿನದು. 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳನ್ನು ಪರೀಕ್ಷಿಸಿದ ವಿಜ್ಞಾನಿಗಳಿಗೆ, ಆ ಮಕ್ಕಳ ತಾಯಿ ತಂದೆಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಇಂತಹ ಸಂಬಂಧಿಗಳೆಂದು ಕಂಡುಬಂದಿತು. ಕೆಲವು ರೋಗಗಳ ವಂಶವಾಹಿ ಒಂದೇ ಪ್ರತಿಯಲ್ಲಿದ್ದಾಗ ಮನುಷ್ಯನಿಗೆ ಏನೂ ಆಗುವುದಿಲ್ಲ, ತಾಯಿ ತಂದೆ ಇಬ್ಬರಿಂದಲೂ ಬಂದು ಎರಡು ಪ್ರತಿಯಾದಾಗ ಮಾತ್ರ ರೋಗ ಪ್ರಕಟವಾಗುತ್ತದೆ. ಹತ್ತಿರದ ಸಂಬಂಧಿಗಳಲ್ಲಿ ಒಂದೇ ಬಗೆಯ ಪ್ರತಿ ಇರುವ ಸಂಭವ ಹೆಚ್ಚು. ಸೋದರಮಾವ ಮತ್ತು ಸೊಸೆಯ ನಡುವೆ ವಂಶವಾಹಿಗಳ ಸುಮಾರು ನಾಲ್ಕನೆಯ ಒಂದು ಪಾಲು, ಅತ್ತೆ-ಮಾವಂದಿರ ಮಕ್ಕಳ ನಡುವೆ ಎಂಟನೆಯ ಒಂದು ಪಾಲು ಸಮಾನವಾಗಿರುತ್ತದೆ.

ಇಬ್ಬರೂ ಅಂತಹ ದೋಷದ ವಾಹಕರಾಗಿದ್ದರೆ ಪ್ರತಿಯೊಂದು ಬಸಿರಿನಲ್ಲಿಯೂ ಮಗುವಿಗೆ ರೋಗ ಬರುವ ಸಂಭವ ನಾಲ್ಕರಲ್ಲೊಂದು. ಒಂದು ಮಗು ರೋಗದಿಂದ ಹುಟ್ಟಿತು, ಇನ್ನು ಮೂರು ಮಕ್ಕಳಿಗೆ ಭಯವಿಲ್ಲ ಎಂದು ತಿಳಿಯುವುದು ತಪ್ಪು. ಪ್ರತಿ ಸಲವೂ ಅದೇ ಲೆಕ್ಕ. ಇಂತಹ ಮನೆಗಳಲ್ಲಿ ಸೊಸೆಯ ಕಾಲ್ಗುಣವನ್ನು ಹಳಿಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ದೋಷ ಇಬ್ಬರಿಂದಲೂ ಸಮಪಾಲಾಗಿ ಬಂದದ್ದು ಎಂದು ಸಮಾಧಾನದಿಂದ ತಿಳಿಸಿ ಹೇಳುವವರು ಆ ಮನೆಗೆ ಬೇಕು. ಮಗು ಹೆಣ್ಣೋ ಗಂಡೋ ಎಂಬುದು ತಂದೆಯ ವರ್ಣತಂತುವಿನಿಂದ ನಿರ್ಧಾರವಾಗುತ್ತದೆ ಎಂಬ ಸಣ್ಣ ಸತ್ಯವೂ ಎಷ್ಟೋ ತಾಯಂದಿರ ಕಣ್ಣೀರನ್ನು ಒರೆಸಬಲ್ಲುದು.

ಹೀಗೆ ತಿಳಿಸಿ ಹೇಳುವುದೇ ಒಂದು ಉದ್ಯೋಗವಾಗಿ ಬೆಳೆದಿದೆ. ಅದಕ್ಕೆ ಆನುವಂಶಿಕ ಆಪ್ತಸಮಾಲೋಚನೆ ಎಂದು ಹೆಸರು. ಬಿ.ಎಸ್‌ಸಿ.ಯ ನಂತರ ಇದಕ್ಕಾಗಿಯೇ ಇರುವ ಎಂ.ಎಸ್‌ಸಿ. ಮಾಡಿದವರು ವೈದ್ಯರ ಜೊತೆಗೆ ಆಸ್ಪತ್ರೆಗಳಲ್ಲಿ ಕೆಲಸ ಮಾಡುತ್ತಾರೆ. ಅವರು ಔಷಧ ಕೊಡುವ ವೈದ್ಯರಲ್ಲ. ಕುಟುಂಬದ ವಂಶವೃಕ್ಷವನ್ನು ಬರೆದುಕೊಂಡು, ಪರೀಕ್ಷೆಯ ಅರ್ಥವನ್ನು ಬಿಡಿಸಿ ಹೇಳುವವರು. ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರ, ನಿಮ್ಹಾನ್ಸ್, ಮಣಿಪಾಲದ ವೈದ್ಯಕೀಯ ಕಾಲೇಜು ಮುಂತಾದೆಡೆ ಆನುವಂಶಿಕ ರೋಗಗಳ ಅಧ್ಯಯನ ನಡೆಯುತ್ತಿದೆ. ನಮ್ಮ ಭಾಗದ ಮಾತನ್ನೇ ಆಡಿ, ನಮ್ಮ ತಾಯಂದಿರಿಗೆ ತಿಳಿಯುವಂತೆ ಹೇಳಬಲ್ಲ ಇಂತಹ ಸಮಾಲೋಚಕರು ನಮಗೆ ಬೇಕಾಗಿದ್ದಾರೆ.

ಇತರ ಉದ್ಯೋಗಗಳು

ಎಂ.ಎಸ್‌ಸಿ.ಯೊಡನೆ ನೆಟ್ ಅಥವಾ ಕೆ-ಸೆಟ್ ಪರೀಕ್ಷೆಯಲ್ಲಿ ಉತ್ತೀರ್ಣರಾದವರು ಕಾಲೇಜು ಅಧ್ಯಾಪಕರ ಹುದ್ದೆಗೆ ಅರ್ಹರು. ಬಿ.ಎಡ್. ಮಾಡಿದವರು ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸಬಹುದು. ಹೈದರಾಬಾದ್, ರಾಣೆಬೆನ್ನೂರುಗಳ ಬೀಜೋದ್ಯಮದಲ್ಲಿ ಬೀಜದ ಶುದ್ಧತೆಯನ್ನು ಪರೀಕ್ಷಿಸುವ ಕೆಲಸಗಳುಂಟು. ನಗರಗಳ ರೋಗನಿದಾನ ಪ್ರಯೋಗಶಾಲೆಗಳಲ್ಲಿ ವರ್ಣತಂತು ಹಾಗೂ ಡಿ.ಎನ್.ಎ. ಪರೀಕ್ಷೆಗೆ ತರಬೇತಾದವರು ಬೇಕು. ಅಪರಾಧ ಪತ್ತೆಯ ವಿಧಿವಿಜ್ಞಾನ ಪ್ರಯೋಗಾಲಯಗಳಲ್ಲಿಯೂ ಡಿ.ಎನ್.ಎ. ವಿಭಾಗವಿರುತ್ತದೆ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯಲ್ಲಿ ರೇಷ್ಮೆಹುಳುವಿನ ತಳಿಗಳ ಮೇಲೆ ಕೆಲಸ ನಡೆಯುತ್ತದೆ. ಕಾನೂನಿನಲ್ಲಿ ಆಸಕ್ತಿಯುಳ್ಳವರು ಪೇಟೆಂಟ್ ಏಜೆಂಟ್ ಪರೀಕ್ಷೆ ಬರೆಯಬಹುದು. ರೈತರು ತಾವೇ ಕಾಪಾಡಿಕೊಂಡು ಬಂದ ತಳಿಗಳನ್ನು ನೋಂದಾಯಿಸಲು 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ ಅವಕಾಶ ಕೊಟ್ಟಿದೆ. ಇದನ್ನು ಬಲ್ಲ ಪದವೀಧರನೊಬ್ಬ ಊರಿನಲ್ಲಿದ್ದರೆ ಊರಿಗೇ ಉಪಕಾರ.

ಆದರೆ ಸತ್ಯವನ್ನು ಮುಚ್ಚಿಡಬಾರದು. ಬರಿಯ ಬಿ.ಎಸ್‌ಸಿ.ಯ ಬಲದಿಂದ ಸಿಗುವ ಕೆಲಸಗಳ ಸಂಬಳ ಅಲ್ಪ. ವಿಜ್ಞಾನಿಯಾಗಬೇಕೆಂದರೆ ಪದವಿಗೆ ಮೂರು, ಸ್ನಾತಕೋತ್ತರಕ್ಕೆ ಎರಡು, ಪಿಎಚ್.ಡಿ.ಗೆ ಸುಮಾರು ಐದು, ಒಟ್ಟು ಹತ್ತು ವರ್ಷಗಳ ಸಾಧನೆ. ಕಾಯಂ ಹುದ್ದೆಗಳು ಕಡಿಮೆ, ಸ್ಪರ್ಧೆ ಹೆಚ್ಚು. ಇಷ್ಟರಲ್ಲಿ ಒಂದು ಸಮಾಧಾನವೆಂದರೆ, ಸಿಎಸ್‌ಐಆರ್-ಯುಜಿಸಿ ನೆಟ್ ಪರೀಕ್ಷೆಯಲ್ಲಿ ಕಿರಿಯ ಸಂಶೋಧನಾ ವೇತನಕ್ಕೆ ಆಯ್ಕೆಯಾದವರಿಗೆ, 2023ರ ಪರಿಷ್ಕರಣೆಯ ಪ್ರಕಾರ, ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ, ತರುವಾಯ 42,000 ರೂಪಾಯಿ ದೊರೆಯುತ್ತದೆ. ಅಲ್ಲಿಂದ ಮುಂದೆ ಓದು ಮನೆಗೆ ಹೊರೆಯಲ್ಲ.

ಬಣ್ಣದ ಕರಪತ್ರ ತೋರಿಸಿ ಲಕ್ಷಗಟ್ಟಲೆ ಶುಲ್ಕ ಕೇಳುವ ಕಡೆ ಹಣ ಕಟ್ಟುವ ಮುನ್ನ ನಾಲ್ಕು ಪ್ರಶ್ನೆಗಳನ್ನು ಕೇಳಿರಿ. ಈ ಪದವಿಗೆ ಯುಜಿಸಿ ಮಾನ್ಯತೆಯಿದೆಯೆ? ಇದರಿಂದ ಮುಂದಿನ ಯಾವ ಪದವಿಗೆ ಅರ್ಹತೆ ಬರುತ್ತದೆ? ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿ ತನ್ನ ಕೈಯಾರೆ ಕೆಲಸ ಮಾಡುವನೆ? ಹಿಂದೆ ಓದಿದವರು ಈಗ ಎಲ್ಲಿದ್ದಾರೆ? ಉತ್ತರವನ್ನು ಬಾಯಿಮಾತಿನಲ್ಲಿ ಪಡೆಯದೆ ನಿಯಮ ಪುಸ್ತಕದಲ್ಲಿ ನೋಡಬೇಕು.

ತಾಳ್ಮೆಯ ಬೆಳೆ

ತುರ್ವಿಹಾಳದ ತಂದೆಗೆ ಇದ್ದ ಇನ್ನೊಂದು ಚಿಂತೆಯನ್ನು ಅವರು ಕೊನೆಯಲ್ಲಿ ಬಾಯಿಬಿಟ್ಟರು. “ಇನ್ನೂ ಓದಿಸಿದ್ರ ಲಗ್ನದ ವಯಸ್ಸು ಮೀರತೈತ್ರಿ.” ಆಗ ನಾನು ಅವರಿಗೆ ಜಾನಕಿ ಅಮ್ಮಾಳ್ ಅವರ ಕಥೆಯನ್ನು ಹೇಳಿದೆ. ಕೇರಳದ ತಲಶ್ಶೇರಿಯಲ್ಲಿ 1897ರಲ್ಲಿ ಹುಟ್ಟಿದ ಆ ತಾಯಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು, ಕೊಯಮತ್ತೂರಿನಲ್ಲಿ ಕಬ್ಬಿನ ವರ್ಣತಂತುಗಳ ಮೇಲೆ ಸಂಶೋಧನೆ ನಡೆಸಿದರು. ಸರ್ಕಾರ 1977ರಲ್ಲಿ ಅವರಿಗೆ ಪದ್ಮಶ್ರೀ ನೀಡಿತು. ಅಂದಿನ ಕಾಲದಲ್ಲಿ ಒಬ್ಬ ಹೆಣ್ಣುಮಗಳಿಗೆ ಸಾಧ್ಯವಾದದ್ದು ಇಂದು ನಮ್ಮ ಮಗಳಿಗೆ ಏಕೆ ಅಸಾಧ್ಯ?

ತಂದೆ ಕೆಲಹೊತ್ತು ಸುಮ್ಮನಿದ್ದರು. “ಬಿತ್ತಿದ ಮರುದಿನವೇ ಹೊಲಕ್ಕೆ ಹೋಗಿ ಬೀಜ ಕೆದರಿ ನೋಡುವ ಒಕ್ಕಲಿಗ ಎಲ್ಲಿಯಾದರೂ ಇದ್ದಾನೆಯೇ?” ಎಂದು ಕೇಳಿದಾಗ ಅವರು ನಕ್ಕುಬಿಟ್ಟರು. ಮಗಳು ಅಂದೇ ಮೊದಲ ಸಲ ತಲೆಯೆತ್ತಿದಳು.

ಆಕೆ ಮನೆಯಲ್ಲಿಯೇ ಕುಳಿತು ಓದಿ, ಮರುವರ್ಷ ಪ್ರವೇಶ ಪರೀಕ್ಷೆ ಬರೆದು, ತಳಿವಿಜ್ಞಾನದಲ್ಲಿ ಎಂ.ಎಸ್‌ಸಿ. ಸೇರಿದಳು. ಕಳೆದುಹೋದ ಒಂದು ವರ್ಷ ಮಾತ್ರ ತಿರುಗಿ ಬರಲಿಲ್ಲ. ಆ ವರ್ಷ ಇನ್ನೊಂದು ಮನೆಯ ಮಗುವಿಗೆ ಉಳಿಯಲಿ ಎಂಬ ಆಶಯದಿಂದ ಈ ನಾಲ್ಕು ಮಾತುಗಳನ್ನು ಬರೆದಿದ್ದೇನೆ. ನಿಮ್ಮ ನೆರೆಹೊರೆಯಲ್ಲಿ ವಿಜ್ಞಾನ ಓದುವ ಮಕ್ಕಳಿದ್ದರೆ, ಸೇರುವ ಮುನ್ನವೇ ಅವರಿಗೆ ಇದನ್ನು ಓದಿ ಹೇಳಬೇಕೆಂದು ಬಂಧುಗಳಲ್ಲಿ ಪ್ರಾರ್ಥನೆ.